ಜರಿಗೆ ಮಾಡಿದ ಬಾಣಂತನ

ಅವಳು ಮೊದಲು ಸೀನಿದ್ದು ಬಸ್ಸು ರಾಜಾನುಕುಂಟೆ ದಾಟಿದ ಮೇಲೆ, ನನ್ನ ತೊಡೆಯ ಮೇಲಿದ್ದ ಮುಚ್ಚಿದ ಬುಟ್ಟಿಯೊಳಗಿಂದ.

ಕಂಡಕ್ಟರ್ ನಿಂತ. "ಏನಮ್ಮಾ ಬುಟ್ಟೀಲಿ?"

"ಬದನೇಕಾಯಿ."

"ಬದನೇಕಾಯಿಗೂ ನೆಗಡೀನಾ?" ಅಂದು ಮುಂದಕ್ಕೆ ಹೋದ. ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ಒಂದು ಸೀನಿಗೆ ಹತ್ತು ಕಾಯಿಲೆ ಎಣಿಸುವ ಹೆಂಗಸು ನಾನು. ದೊಡ್ಡಬಳ್ಳಾಪುರ ಬರುವಷ್ಟರಲ್ಲಿ ನನ್ನ ತಲೆಯೊಳಗೆ ಬೆಕ್ಕಿಗೆ ನ್ಯುಮೋನಿಯಾ ಬಂದು, ಅದು ಮನೆಯಲ್ಲಿದ್ದ ಹಸುಗೂಸಿಗೆ ತಗುಲಿ, ಊರವರೆಲ್ಲ ನನ್ನನ್ನು ಬೈದು ಮುಗಿಸಿದ್ದರು.

ಬುಟ್ಟಿಯಲ್ಲಿದ್ದವಳು ಜರಿ. ಬೂದು ಮೈ, ಬೆನ್ನುದ್ದಕ್ಕೆ ಸೀರೆಯ ಅಂಚಿನ ಹಾಗೆ ಒಂದು ಹಳದಿ ಪಟ್ಟೆ. ಅದಕ್ಕೇ ಆ ಹೆಸರು. ನಮ್ಮದು ಎರಡು ಪವರ್‌ಲೂಮ್ ಇರುವ ಮನೆ. ಗಂಜಿ ಹಾಕಿದ ನೂಲೆಂದರೆ ಇಲಿಗಳಿಗೆ ಹಬ್ಬದೂಟ. ಇವಳು ಬಂದ ಮೇಲೆ ಒಂದು ಎಳೆಯೂ ಹಾಳಾಗಿರಲಿಲ್ಲ. ಹಾಗೆ ಮನೆ ಕಾದವಳನ್ನು ಗೋಣಿಚೀಲದಲ್ಲಿ ಕಟ್ಟಿ ಕಳಿಸಿದ್ದರು.

ಮಗಳು ಸರಸುವಿನ ಹೆರಿಗೆಗೆಂದು ನಾನು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೆ. ಮನೆ ನೋಡಿಕೊಳ್ಳಲು ದೇವನಹಳ್ಳಿಯಿಂದ ನಮ್ಮ ಯಜಮಾನರ ಅಕ್ಕ, ಅಂದರೆ ನನ್ನ ಅತ್ತಿಗೆ, ಬಂದಿದ್ದರು. ಬಾಣಂತಿ ಮನೆಗೆ ಕಾಲಿಡುವ ಮೊದಲು ಬೆಕ್ಕು ಹೊರಗೆ ಹೋಗಬೇಕು ಎಂದು ಅವರು ತೀರ್ಮಾನಿಸಿದರು. ಬೆಕ್ಕಿನ ಉಸಿರು ಕೂಸಿಗೆ ಆಗುವುದಿಲ್ಲವಂತೆ. ತಮ್ಮನ ಕೈಗೆ ಚೀಲ ಕೊಟ್ಟರು. ಯಜಮಾನರು ಅದನ್ನು ಸೀರೆಗಂಟಿನ ಜೊತೆ ಬೆಂಗಳೂರಿಗೆ ಒಯ್ದು, ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಒಂದು ಧರ್ಮದ ಶೆಡ್ಡಿಗೆ ಒಪ್ಪಿಸಿದರು. ಅದೇ ಸಂಜೆ ಆಸ್ಪತ್ರೆಗೆ ಬಂದು, ಮೊಮ್ಮಗುವನ್ನು ನೋಡಿ, ನನ್ನ ಫ್ಲಾಸ್ಕಿನ ಕಾಫಿ ಕುಡಿದು ಹೋದರು.

ನನಗೆ ಹೇಳಲಿಲ್ಲ.

ಮನೆಗೆ ಬಂದ ದಿನ ವಿಷಯ ತಿಳಿದು ಕೇಳಿದೆ. "ಯಾಕ್ರೀ ಕೊಟ್ಟು ಬಂದ್ರಿ?"

"ಅಕ್ಕ ಹೇಳಿದ್ಲು."

"ಅಕ್ಕ ಹೇಳಿದ್ರೆ ನನ್ನೂ ಚೀಲಕ್ಕೆ ಹಾಕ್ತಿದ್ರಾ?"

ಅವರು ಸ್ವಲ್ಪ ಯೋಚನೆ ಮಾಡಿ, "ಅಷ್ಟು ದೊಡ್ಡ ಚೀಲ ಎಲ್ಲೈತೆ?" ಅಂದರು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅವತ್ತು ಕೈಯಲ್ಲಿದ್ದ ಸೌಟನ್ನು ಕೆಳಗಿಡಲು ನಾನು ಬಹಳ ಕಷ್ಟಪಟ್ಟೆ.

ನಾಮಕರಣ ಮುಗಿದ ಮಾರನೆಯ ಬೆಳಿಗ್ಗೆ ಬುಟ್ಟಿ ಹಿಡಿದು ಹೊರಟೆ. "ಹಸೀ ಬಾಣಂತೀನ ಬಿಟ್ಟು ಬೆಕ್ಕಿನ ಹಿಂದೆ ಹೋಗ್ತಾಳೆ ನೋಡು," ಎಂದು ಅತ್ತಿಗೆ ಬೀದಿಗೆ ಕೇಳುವಂತೆ ಹೇಳಿದರು. ಬೀದಿ ಕೇಳಿಸಿಕೊಂಡಿತು.

ಆ ಶೆಡ್ಡನ್ನು ಕಟ್ಟಿಸಿದವರು ಪುಣ್ಯವಂತರೇ ಇರಬೇಕು. ಆದರೆ ಬೆಕ್ಕುಗಳ ಪಂಜರವನ್ನು ನಾಯಿಗಳ ಪಂಜರಕ್ಕೆ ಎದುರಾಗಿ ಇಟ್ಟವರಿಗೆ ಏನು ಹೇಳಲಿ? ತಗಡಿನ ಸೂರಿನ ಕೆಳಗೆ ನಾಯಿಗಳು ಒಂದೇ ಸಮನೆ ಬೊಗಳುತ್ತಿದ್ದವು. ಒಂದೇ ಪಂಜರದಲ್ಲಿ ಏಳೆಂಟು ಬೆಕ್ಕು. ಎಲ್ಲಕ್ಕೂ ಕಣ್ಣಲ್ಲಿ ನೀರು. ಜರಿ ಹಿಂದಿನ ಮೂಲೆಯಲ್ಲಿ, ಹೇಲಿನ ಮಣ್ಣು ತುಂಬಿದ ತಟ್ಟೆಯೊಳಗೆ ಮುದುಡಿ ಕೂತಿದ್ದಳು. ಬೇರೆ ಯಾವ ಬೆಕ್ಕೂ ಬಾರದ ಜಾಗ ಅದೊಂದೇ ಇದ್ದಿರಬೇಕು.

"ಅದು ಏನೂ ತಿನ್ನಲ್ಲ ಕಣಮ್ಮ," ಅಂದ ಕಾವಲಿನವನು. "ಎರಡು ದಿನ ನೋಡಿದ್ವಿ. ಆಮೇಲೆ ಬಿಟ್ವಿ."

ಬಿಟ್ಟರಂತೆ.

ನಾನು ಹೆಸರು ಹಿಡಿದು ಕರೆದೆ. ಅವಳು ನನ್ನನ್ನು ನೋಡಿ ಹಲ್ಲು ಕಿರಿದು ಬುಸ್ಸೆಂದಳು.

ಮನೆಗೆ ತಂದು ನೂಲಿನ ಕೋಣೆಯಲ್ಲಿ, ದಾರದ ಖಾಲಿ ಪೆಟ್ಟಿಗೆಯೊಳಗೆ ಬಿಟ್ಟೆ. ಮುಟ್ಟಿದರೆ ಬೆನ್ನಿನ ಮೂಳೆಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಕಣ್ಣು ಪಿಸುರಿನಿಂದ ಅಂಟಿಕೊಂಡಿತ್ತು. ಮೂಗು ಕಟ್ಟಿತ್ತು. ಹಾಲು ಇಟ್ಟರೆ ಮುಖ ತಿರುಗಿಸಿದಳು. ನನಗೆ ಗೊತ್ತಿದ್ದ ವೈದ್ಯ ಒಂದೇ, ಬಾಣಂತನ. ಮಗಳಿಗೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಕಿಟಕಿ ಮುಚ್ಚಿದೆ, ಗಾಳಿ ಆಡದಂತೆ ಬಾಗಿಲಿನ ಸಂದಿಗೆ ಹಳೇ ಸೀರೆ ತುರುಕಿದೆ. ಕೆಂಡದ ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ ಹಾಕಿ ಚೆನ್ನಾಗಿ ಹೊಗೆ ಕೊಟ್ಟೆ. ಎಳೆಗೂಸಿನ ಶೀತಕ್ಕೆ ನಮ್ಮಮ್ಮ ಹಾಕುತ್ತಿದ್ದ ಹೊಗೆ ಅದು.

ಸರಸು ಒಳಗಿನಿಂದ ಕೂಗಿದಳು: "ಅಮ್ಮಾ, ಮೆಣಸಿನ ಸಾರೂ ಕಾಯಿಸಿ ಕೊಟ್ಬಿಡು. ಕಿವಿಗೆ ಹತ್ತಿ ಇಡೋದು ಮರೀಬೇಡ."

ಸಂಜೆಯ ಹೊತ್ತಿಗೆ ಜರಿ ಬಾಯಿ ತೆರೆದು ಉಸಿರಾಡುತ್ತಿದ್ದಳು.

ಬೆಕ್ಕು ಬಾಯಿ ತೆರೆದು ಉಸಿರಾಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬೆಳಗಾಗುತ್ತಲೇ ದನದ ಆಸ್ಪತ್ರೆಗೆ ಓಡಿದೆ. ಎರಡು ಎಮ್ಮೆ, ಒಂದು ಹೋರಿ, ಅವುಗಳ ಹಿಂದೆ ಬುಟ್ಟಿ ಹಿಡಿದ ನಾನು. ಡಾಕ್ಟರು ಬುಟ್ಟಿಯ ಬಟ್ಟೆ ಸರಿಸಿ ಮೂಸಿದರು.

"ಇದೇನಮ್ಮ, ದೇವಸ್ಥಾನದ ವಾಸನೆ?"

ಹೇಳಿದೆ.

"ಹೊಗೆ ಹಾಕಿದ್ರಾ? ಇದಕ್ಕೆ ಮೊದಲೇ ಉಸಿರಿಲ್ಲ. ಕಿಟಕಿ ತೆಗೀರಿ ತಾಯಿ."

ಅದು ಇನ್ಫೆಕ್ಷನ್. ಬೆಕ್ಕುಗಳನ್ನು ಒತ್ತೊತ್ತಾಗಿ ಕೂಡಿಹಾಕಿದರೆ ಒಂದರಿಂದ ಒಂದಕ್ಕೆ ಬರುತ್ತದೆ, ಹೆದರಿದ ಬೆಕ್ಕಿಗೆ ಬೇಗ ಬರುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಈ ಮಾತನ್ನು ನಾನು ಎರಡು ಸಲ ಹೇಳಿಸಿಕೊಂಡೆ, ಅತ್ತಿಗೆಗೆ ಒಪ್ಪಿಸಲು. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಬೋರಿಕ್ ಲೋಷನ್‌ನಲ್ಲಿ ಕಣ್ಣು ಒರೆಸಿ, ಗ್ಲೂಕೋಸ್ ನೀರು ಕುಡಿಸಿ ಅಂದರು. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಹತ್ತುವುದಿಲ್ಲ. ವಾಸನೆ ಹತ್ತದಿದ್ದರೆ ತಿನ್ನುವುದಿಲ್ಲ. ಘಾಟಾದದ್ದು ಏನಾದರೂ ಬೆಚ್ಚಗೆ ಮಾಡಿ ಇಡಬೇಕು.

"ಕಾಯಿಲೆ ಹೋಗಬಹುದು. ಶಾಕ್ ಆಗಿದೆಯಲ್ಲ, ಅದು ನಿಧಾನ. ಔಷಧಿ ಹೊತ್ತು ಬಿಟ್ಟು ಮುಟ್ಟಬೇಡಿ, ಕರೀಬೇಡಿ, ದಿಟ್ಟಿಸಿ ನೋಡಬೇಡಿ. ಅದಾಗೇ ಬರಬೇಕು."

"ಬದುಕುತ್ತಾ ಡಾಕ್ಟ್ರೇ?"

"ತಿಂದರೆ."

ಮಲಗಿದವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವ ನನಗೆ, ನೋಡಬೇಡಿ ಅಂದರು. ದಾರದ ಕಂಡಿಕೆ ಸುತ್ತುವ ರಾಟೆಯನ್ನು ನೂಲಿನ ಕೋಣೆಗೆ ಎಳೆದುಕೊಂಡು, ಪೆಟ್ಟಿಗೆಗೆ ಬೆನ್ನು ಹಾಕಿ ಕೂತೆ. ನೇಯುವವರಿಗೆ ಹೊಕ್ಕಿನ ದಾರ ಹೇಗೂ ಬೇಕಿತ್ತು. ಹೊಸ ಇಂಕ್ ಫಿಲ್ಲರಿನಲ್ಲಿ ಗ್ಲೂಕೋಸ್ ನೀರು ಬಿಡುವುದು, ಮತ್ತೆ ತಿರುಗಿ ಕೂತು ಸುತ್ತುವುದು. ಕರೆಂಟ್ ಹೋಗಿ ಮಗ್ಗ ನಿಂತಾಗ ಹಿಂದಿನಿಂದ ಅವಳ ಗೊರಗೊರ ಉಸಿರು ಕೇಳುತ್ತಿತ್ತು. ಒಂದೊಂದು ಉಸಿರಿಗೂ ಒಬ್ಬೊಬ್ಬರನ್ನು ಬೈದೆ: ಅತ್ತಿಗೆ, ಯಜಮಾನರು, ಕಾವಲಿನವನು, ಕೆಂಡ ಹೊತ್ತು ತಂದ ನಾನು. ಪಟ್ಟಿ ಮುಗಿದ ಮೇಲೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ತುಪ್ಪ ಇಟ್ಟೆ. ಹಾಲಿನ ಕೆನೆ ಕಾಯಿಸಿ ಇಟ್ಟೆ. ಮೂಸಲೂ ಇಲ್ಲ.

ಆ ವಾರ ಇಲಿಗಳು ಮಗ್ಗಕ್ಕೆ ಹೂಡಿದ್ದ ಹೊಸ ಹಾಸಿನ ನೂಲನ್ನು ಕಡಿದು ಹಾಕಿದವು. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ನನಗೆ ಜನ್ಮದಲ್ಲಿ ಮೊದಲ ಸಲ ಇಲಿಗಳ ಮೇಲೆ ಪ್ರೀತಿ ಬಂತು.

ಕೊನೆಗೆ ಸಂತೆಯಿಂದ ಒಣಮೀನು ತಂದೆ. ನಮ್ಮದು ಮೀನು ಮಾಂಸ ಮುಟ್ಟದ ಮನೆ. ಹಿತ್ತಲಲ್ಲಿ ಮೂರು ಇಟ್ಟಿಗೆ ಹೂಡಿ, ಹರಿದ ತಗಡಿನ ಮೇಲೆ ಸುಟ್ಟೆ. ಹೇಗೆ ಸುಡಬೇಕೆಂದೂ ತಿಳಿಯದೆ ಅರ್ಧ ಕರಕಾಯಿತು. ವಾಸನೆ ಬೀದಿಯ ಕೊನೆಯವರೆಗೂ ಹೋಯಿತು.

ಅತ್ತಿಗೆ ಮೂಗಿಗೆ ಸೆರಗು ಒತ್ತಿಕೊಂಡು ಬಂದರು. "ಬಾಣಂತಿ ಇರೋ ಮನೇಲಿ ಇದೇನೇ ಅನಾಚಾರ?"

"ಡಾಕ್ಟ್ರು ಹೇಳವ್ರೆ."

"ಮೀನು ಸುಡು ಅಂದ್ರಾ?"

"ಘಾಟಾಗಿರ್ಲಿ ಅಂದ್ರು. ನಮ್ಮನೇಲಿ ನಿಮ್ ಮಾತು ಬಿಟ್ರೆ ಇದೇ ಘಾಟು, ಅಕ್ಕ."

ಇಪ್ಪತ್ತೈದು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ಮರುದಿನವೇ ದೇವನಹಳ್ಳಿಯ ಬಸ್ಸು ಹತ್ತಿದರು. ತಡೆಯಬೇಕೆಂದು ನನಗೆ ಅನಿಸಲಿಲ್ಲ.

ಮೀನನ್ನು ಪುಡಿ ಮಾಡಿ, ಬಿಸಿ ಅನ್ನದಲ್ಲಿ ಕಲೆಸಿ, ಪೆಟ್ಟಿಗೆಯ ಮುಂದಿಟ್ಟು ಬೆನ್ನು ಹಾಕಿ ಕೂತೆ. ರಾಟೆ ತಿರುಗಿಸುತ್ತಲೇ ಇದ್ದೆ. ಬಹಳ ಹೊತ್ತಾದ ಮೇಲೆ ತಟ್ಟೆ ನೆಲಕ್ಕೆ ಉಜ್ಜಿದ ಸದ್ದು.

ತಿರುಗಿ ನೋಡಲಿಲ್ಲ. ದಾರ ಕಣ್ಣಿಗೆ ಕಾಣದೆ ಎರಡು ಸಲ ಕಡಿದುಹೋಯಿತು.

ಈಗ ಜರಿ ಓಡಾಡುತ್ತಾಳೆ. ಮೈ ಇನ್ನೂ ತುಂಬಿಲ್ಲ. ಎಡಗಣ್ಣಲ್ಲಿ ಮಂಜು ಉಳಿದಿದೆ; ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನು ರಾಟೆಯ ಮುಂದೆ ಕೂತರೆ ನನ್ನ ಸೆರಗಿನ ತುದಿಯ ಮೇಲೆ ಬಂದು ಕೂರುತ್ತಾಳೆ, ಬೆನ್ನು ನನ್ನ ಕಡೆಗೆ. ನಾನಾಗಿ ಮುಟ್ಟುವುದಿಲ್ಲ. ಯಜಮಾನರ ಹೆಜ್ಜೆ ಕೇಳಿದರೆ ಸಾಕು, ಮಗ್ಗದ ಅಡಿಗೆ ನುಗ್ಗುತ್ತಾಳೆ.

ಅವರು ತಪ್ಪಾಯಿತು ಅಂದಿಲ್ಲ. ಅನ್ನುವ ಜಾತಿಯೂ ಅಲ್ಲ. ಮೊನ್ನೆ ಮಧ್ಯಾಹ್ನ ನೂಲಿನ ಕೋಣೆಯ ಬಾಗಿಲಲ್ಲಿ ನನ್ನ ಕಾಲು ನಿಂತಿತು. ಮೊಟ್ಟೆಯನ್ನೂ ಮುಟ್ಟದ ಆ ಮನುಷ್ಯ ಕುಕ್ಕರುಗಾಲಲ್ಲಿ ಕೂತು, ಒಣಮೀನಿನ ಚೂರೊಂದನ್ನು ಎರಡು ಬೆರಳಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ಕೈ ಚಾಚಿದ್ದರು. ಅವಳು ಬರಲಿಲ್ಲ. ಅವರ ಕೈ ಸೋತಿತು. ಚೂರನ್ನು ನೆಲದ ಮೇಲಿಟ್ಟು, ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ, ನನ್ನನ್ನು ನೋಡದೆ ಪಕ್ಕದಲ್ಲೇ ದಾಟಿ ಹೋದರು.

ಅವರು ಬೀದಿಗೆ ಇಳಿದ ಮೇಲೆ ಅವಳು ಹೊರಗೆ ಬಂದಳು. ಮೂಸಿದಳು. ತಿಂದಳು.

ಅವರ ವಿಷಯದಲ್ಲಿ ನಾನೂ ಸದ್ಯಕ್ಕೆ ಅಲ್ಲಿಯವರೆಗೆ ಬಂದಿದ್ದೇನೆ.