ಅತ್ತಿಗೆ, ಆ ಆಫೀಸು ಹೇಗಿದೆ?

ಮೂರು ತಿಂಗಳ ಸಂಬಳ ಅವಳಿಗೆ ಇನ್ನೂ ಬರಬೇಕು. ನಾಲ್ಕಿದ್ದದ್ದು ಮೂರಾದದ್ದು ಹೇಗೆ ಎಂಬುದೇ ಈ ಕಥೆ. ಕೊಡಬೇಕಾದವನು ಒಳಾಂಗಣ ವಿನ್ಯಾಸದ ಆಫೀಸೊಂದರ ಮಾಲೀಕ. ಆಫೀಸಿನ ಕಾಫಿ ಯಂತ್ರದ ಕಂತನ್ನು ಮಾತ್ರ ಅವನು ಒಮ್ಮೆಯೂ ತಪ್ಪಿಸಿದವನಲ್ಲ.

ಬಡಗಿಗಳು ಅವಳನ್ನು ಡ್ರಾಯಿಂಗ್ ಅಕ್ಕ ಎನ್ನುತ್ತಾರೆ. ಒಂಬತ್ತು ವರ್ಷದಿಂದ ಆ ಆಫೀಸಿನಲ್ಲಿ ಕೂತು ಕಂಡವರ ಮನೆಯ ಅಡುಗೆಕಟ್ಟೆ, ಬಟ್ಟೆಯ ಬೀರು, ಮಕ್ಕಳ ಮಂಚ ಬರೆಯುತ್ತಿದ್ದಾಳೆ. ತಾನಿರುವುದು ಎರಡು ಕೋಣೆಯಲ್ಲಿ. ಸೊಂಟ ಹಿಡಿದು ಮಲಗಿದ ಗಂಡ, ಮಂಡಿ ಬಗ್ಗದ ಅತ್ತೆ, ಡಿಪ್ಲೊಮಾ ಮುಗಿಸಿ ಖಾಲಿ ಕೂತ ನಾದಿನಿ, ಎಲ್ಲರೂ ಅಲ್ಲೇ. ಶನಿವಾರದೊಳಗೆ ಬಾಡಿಗೆ ಕಟ್ಟದಿದ್ದರೆ ಸಾಮಾನು ಬೀದಿಗೆ ಎಂದು ಮನೆಯೊಡತಿ ಮೆಟ್ಟಿಲ ಮೇಲೆ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿ ಹೋಗಿದ್ದಳು.

ಆ ವಾರವೇ ಮಾಲೀಕ ಒಂದು ಚಿತ್ರ ಕಳಿಸಿದ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆ.

"ಕ್ಲೈಂಟ್ ಒಪ್ಪಿದ್ದಾರೆ. ಮೂಲೇಲಿ ನಮ್ಮ ಆಫೀಸಿನ ಹೆಸರು ಹಾಕಿ. ಈ ಮುದುಕೀನ ತೆಗೆದು ನಗ್ತಾ ಇರೋ ಫ್ಯಾಮಿಲಿ ಒಂದು ಕೂರಿಸಿ."

ಕಿಟಕಿಯ ಪಕ್ಕದ ಬೆಂಚಿನಲ್ಲಿ ಮುದುಕಿಯೊಬ್ಬಳು ಬಲಗಾಲು ನೀಡಿಕೊಂಡು ಕೂತಿದ್ದಳು. ಆ ಕಾಲಿಗೆಂದೇ ಮುಂದೆ ಜಾಗ ಬಿಟ್ಟಿತ್ತು. ಕಾಲು ಯಾರದೆಂದು ಡ್ರಾಯಿಂಗ್ ಅಕ್ಕನಿಗೆ ಗೊತ್ತು. ದಿನಾ ಬೆಳಿಗ್ಗೆ ಅದನ್ನು ದಾಟಿಕೊಂಡೇ ಅವಳು ಕೆಲಸಕ್ಕೆ ಹೊರಡುವುದು. ಅತ್ತೆಯ ಕಾಲು. ಬರೆದವಳು ನಾದಿನಿ.

ಕೆಲಸ ಕೇಳಿಕೊಂಡು ಬಂದವರಿಂದೆಲ್ಲ ಆ ಆಫೀಸು ಒಂದು ಪರೀಕ್ಷಾ ಚಿತ್ರ ಬರೆಸುತ್ತದೆ, ಬಿಟ್ಟಿ. ಚೆನ್ನಾಗಿದ್ದದ್ದನ್ನು ಗಿರಾಕಿಗೆ ಮಾರುತ್ತದೆ. ಬರೆದವರಿಗೆ ‘ತಿಳಿಸುತ್ತೇವೆ’ ಎನ್ನುತ್ತದೆ. ಇದು ಕಳ್ಳತನ. ಬೇರೆ ಹೆಸರು ಬೇಕಿಲ್ಲ.

ಅವಳು ಮಾಲೀಕನ ಕೋಣೆಗೆ ಹೋದಳು. "ಸರ್, ಇದು ನಮ್ಮ ಮನೆ ಹುಡುಗಿ ಬರೆದದ್ದು."

"ಗೊತ್ತು, ವಿಳಾಸ ನೋಡಿದೆ. ಒಳ್ಳೇದೇ ಆಯ್ತಲ್ಲ, ಕರ್ಕೊಂಡು ಬನ್ನಿ. ಆರು ತಿಂಗಳು ಕಲೀಲಿ, ಸಂಬಳದ ಮಾತು ಆಮೇಲೆ. ಅವಳು ಸೇರಿದ ದಿನವೇ ನಿಮ್ಮ ಬಾಕಿ ಪೂರ್ತಿ ಕ್ಲಿಯರ್."

"ಸೇರದೇ ಇದ್ರೆ?"

"ಯೋಚನೆ ಮಾಡಿ. ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ?"

ಅವಳು ಕುರ್ಚಿಗೆ ವಾಪಸು ಬಂದು ಅತ್ತೆಯನ್ನು ಅಳಿಸಿದಳು. ಅಪ್ಪ, ಅಮ್ಮ, ಇಬ್ಬರು ಮಕ್ಕಳನ್ನು ತಂದು ಕೂರಿಸಿದಳು. ಎಲ್ಲರೂ ಬಾಯಿ ತುಂಬ ಹಲ್ಲು ಬಿಟ್ಟುಕೊಂಡು ನಗುವವರೇ. ಅವರಿಗೆ ಹಲ್ಲಿನ ಡಾಕ್ಟರ ಹತ್ತಿರ ಏನು ಕೆಲಸವೋ.

ಸಂಜೆ ಮನೆಯಲ್ಲಿ ಚಪ್ಪಲಿ ಬಿಡುತ್ತಲೇ ನಾದಿನಿಗೆ ಹೇಳಿದಳು: "ನಿನ್ನ ಚಿತ್ರ ಪಾಸಾಗಿದೆ ಕಣೇ. ಮಾರಾಟವೂ ಆಗಿದೆ."

"ಮಾರಿದ್ರೆ ದುಡ್ಡೆಲ್ಲಿ?" ಎಂದಳು ಅತ್ತೆ.

"ಅದನ್ನ ಕೇಳಬಾರದು ಅತ್ತೆ. ಅದಕ್ಕೆ ಅನುಭವ ಅಂತಾರೆ."

ನಾದಿನಿ ಒಗೆದ ಬಟ್ಟೆ ಮಡಚುತ್ತಿದ್ದಳು. "ನಿಮಗೆ ಹೇಳದೆ ಕಳಿಸಿದೆ, ಬೇಜಾರು ಮಾಡ್ಕೋಬೇಡಿ. ಅತ್ತಿಗೆ, ಆ ಆಫೀಸು ಹೇಗಿದೆ? ನಿಜ ಹೇಳಿ."

"ಒಳ್ಳೇದು ಮೊದಲು ಹೇಳ್ತೀನಿ. ತಣ್ಣಗಿರುತ್ತೆ, ಕುರ್ಚಿ ಚೆನ್ನಾಗಿದೆ. ಕಲಿಯೋಕೆ ಬೇಕಾದಷ್ಟಿದೆ. ನೀನು ಎಳೆದ ಗೆರೆ ಒಂದಿನ ಮರವಾಗಿ ಎದ್ದು ನಿಂತಾಗ ಕೈಯಲ್ಲಿ ಮುಟ್ಟಿ ನೋಡಬಹುದು. ಆ ಸುಖ ಸುಳ್ಳಲ್ಲ. ನನ್ನನ್ನ ಇಷ್ಟು ವರ್ಷ ಕಟ್ಟಿಹಾಕಿದ್ದೇ ಅದು."

"ಕೆಟ್ಟದ್ದು?"

"ಯಾವ ಚಿತ್ರದ ಮೇಲೂ ನಿನ್ನ ಹೆಸರಿರಲ್ಲ. ಗಿರಾಕಿಗೆ ಬಣ್ಣ ಹಿಡಿಸದಿದ್ರೆ ನಿನ್ನ ಭಾನುವಾರ ಹೋಯ್ತು. ಬಡಗಿ ತಪ್ಪು ಮಾಡಿದ್ರೆ ನಿನ್ನ ತಪ್ಪು, ಸರ್ ತಪ್ಪು ಮಾಡಿದ್ರೂ ನಿನ್ನದೇ. ಸಂಬಳ ಕೇಳಿದ್ರೆ ಫ್ಯಾಮಿಲಿ ಅಂತ ಮೂಗಿಗೆ ತುಪ್ಪ ಸವರ್ತಾರೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇನ್ನೊಂದಿದೆ. ನೀನು ಸೇರಿದ್ರೆ ನನ್ನ ಬಾಕಿ ಕೊಡ್ತಾರಂತೆ. ನಿನ್ನನ್ನ ಅಡ ಇಟ್ಟು ಬರೋ ದುಡ್ಡು ಅದು. ಅದಕ್ಕೇ ಹೇಳೋದು, ಬೇಡ ಅನ್ನು."

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಹುಡುಗಿ ಹಿಂದೆ ಸರಿಯುತ್ತಾಳೆ ಎಂದುಕೊಂಡಿದ್ದಳು.

"ಹಾಗಾದ್ರೆ ಮುಗೀತಲ್ಲ, ನಾನು ಸೇರಿದ್ರೆ ಬಾಡಿಗೆ ಕಟ್ಟಬಹುದು," ಎಂದಳು ನಾದಿನಿ. "ನೀವು ಹೇಳಿದ್ದೆಲ್ಲ ಕೆಲಸ ಇದ್ದವರ ಕಷ್ಟ ಅತ್ತಿಗೆ. ನನಗೆ ಅದೂ ಇಲ್ಲ."

"ಹೋಗಲಿ ಬಿಡೇ," ಎಂದಳು ಅತ್ತೆ ಕಾಲು ನೀವಿಕೊಳ್ಳುತ್ತ. "ಒಬ್ಬಳ ಸಂಬಳ ಬರದೇ ಇರೋದಕ್ಕಿಂತ ಇಬ್ಬರದೂ ಬರದೇ ಇದ್ರೆ ನೋಡೋಕೆ ಲಕ್ಷಣವಾಗಿರುತ್ತೆ."

ಶುಕ್ರವಾರ ನಾದಿನಿ ಸೇರಿದಳು. ಮಾಲೀಕ ಕೊಟ್ಟದ್ದು ಒಂದೇ ತಿಂಗಳದ್ದು. ಉಳಿದದ್ದು ಹಲ್ಲಿನ ಡಾಕ್ಟರ ಹಣ ಬಂದ ಮೇಲಂತೆ. ಅಷ್ಟನ್ನೂ ಮನೆಯೊಡತಿ ಎಣಿಸಿಕೊಂಡು ಉಳಿದ ಬಾಡಿಗೆಗೆ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಳು. ಮೊದಲಾದರೆ ರಾಜೀನಾಮೆ ಬಿಸಾಕಿ ಎದ್ದು ಹೋಗಲು ಡ್ರಾಯಿಂಗ್ ಅಕ್ಕನಿಗೆ ಒಂದು ಬಾಗಿಲಾದರೂ ಇತ್ತು. ಈಗ ಆ ಬಾಗಿಲಿಗೆ ಅಡ್ಡಲಾಗಿ ನಾದಿನಿಯ ಕುರ್ಚಿ ಬಿದ್ದಿದೆ.

ಸೋಮವಾರ ಮಾಲೀಕ ಹೊಸದಾಗಿ ಅರ್ಜಿ ಹಾಕಿದವರ ಪರೀಕ್ಷಾ ಚಿತ್ರಗಳನ್ನು ನಾದಿನಿಗೆ ಕಳಿಸಿದ. "ಚೆನ್ನಾಗಿರೋದು ಆರಿಸಮ್ಮ." ಹುಡುಗಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳಲಿಲ್ಲ. ಹುಡುಗಿ ಆರಿಸಿದಳು.

ಮನೆಯನ್ನೋ ಅಂಗಡಿಯನ್ನೋ ಚಂದ ಮಾಡಿಸಲು ನೀವೂ ಇಂಥ ಆಫೀಸಿನ ಮೆಟ್ಟಿಲು ಹತ್ತುವವರೇ. ಚಿತ್ರ ತೋರಿಸುತ್ತಾರೆ, ಕಾಫಿ ಕೊಡುತ್ತಾರೆ. ಕುಡಿಯಿರಿ. ಆದರೆ ಮುಂಗಡ ಕೊಡುವ ಮುಂಚೆ ಇದನ್ನು ಬರೆದವರು ಯಾರು ಎಂದು ಕೇಳಿ. ಅವರನ್ನು ಎದುರಿಗೆ ಕರೆಸಿ. ದುಡ್ಡು ಕೈಸೇರಿದೆ ಎಂದು ಅವರ ಬಾಯಿಂದಲೇ ಕೇಳುವ ತನಕ ಚೆಕ್ಕಿಗೆ ಸಹಿ ಹಾಕಬೇಡಿ.