ಮದ್ದು ಬೀಳುವ ಮೊದಲಿನ ನೀರು

ಬೊಬ್ರುವಾಡದ ಹತ್ತಿರದ ನಮ್ಮ ಕೇರಿಯವರಿಗೆ ತಮ್ಮ ಬಾವಿಯ ಬಗ್ಗೆ ಇರುವ ಜಂಬ ದೇವರ ಬಗ್ಗೆಯೂ ಇಲ್ಲ. ಮಳೆಗಾಲದಲ್ಲಿ ಕಾಮಾಲೆ ಮನೆಮನೆಗೆ ನುಗ್ಗಿದಾಗಲೂ ಅದು ಪಕ್ಕದ ಮನೆಯ ಬಾವಿಯಿಂದಲೇ ಬಂದದ್ದು. ತಮ್ಮದು ತೀರ್ಥ. ಆ ತೀರ್ಥದ ಪಕ್ಕದಲ್ಲೇ ಪಾಯಿಖಾನೆಯ ಗುಂಡಿ ಉಕ್ಕಿ ಹರಿಯುತ್ತಿದ್ದುದು ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಬರುವ ಆರೋಗ್ಯ ಇಲಾಖೆಯವರೂ ಕಡಿಮೆಯವರಲ್ಲ. ಬರುವ ಮೊದಲು ರಿಕ್ಷಾಕ್ಕೆ ಮೈಕು ಕಟ್ಟಿ ಸಾರುತ್ತಿದ್ದರು. ಕಳ್ಳನಿಗೆ ಪೊಲೀಸರೇ ಹೇಳಿ ಕಳಿಸಿದ ಹಾಗೆ. ಮೈಕು ಕೇಳಿದ್ದೇ ತಡ, ಹೆಂಗಸರೆಲ್ಲ ಬಾವಿಗೆ ಓಡುತ್ತಿದ್ದರು.

"ಮದ್ದು ಹಾಕೂಕೆ ಬಂದ್ರು, ಬೇಗ ಒಳ್ಳೆ ನೀರು ತುಂಬ್ಕಳ್ಳಿ!"

ಹಂಡೆ, ಕೊಡ, ಬಕೆಟ್ಟು, ಎಲ್ಲ ತುಂಬುತ್ತಿದ್ದವು. ಆಮೇಲೆ ಅವರು ಬಂದು ಪುಡಿ ಸುರಿದು, ಬಾವಿಗೆ ಬಗ್ಗಿ ಫೋಟೊ ತೆಗೆಸಿಕೊಂಡು, ನಮ್ಮಲ್ಲೇ ಚಹಾ ಕುಡಿದು ಹೋಗುತ್ತಿದ್ದರು. ಬಾವಿಯ ವಾಸನೆ ಹೋಗುವ ತನಕ ನಾವು ಕುಡಿಯುತ್ತಿದ್ದುದು ತುಂಬಿಟ್ಟ ನೀರನ್ನೇ. ಮದ್ದಿನ ನೀರಲ್ಲಿ ಮೀನು ಸಾರು ಕೆಡುತ್ತದಂತೆ, ಅದು ಪಾತ್ರೆ ತೊಳೆಯಲಿಕ್ಕೆ.

ಆ ವರ್ಷ ಅತ್ತಿಗೆ ಬಸುರಿ. ಮದುವೆಯಾಗಿ ಬಹಳ ಕಾಲಕ್ಕೆ ನಿಂತ ಗರ್ಭ. ಅವಳಿಗೆಂದೇ ನಮ್ಮ ತಾಯಿ ತಾಮ್ರದ ಕೊಡವೊಂದನ್ನು ಬೇರೆಯಾಗಿ ತುಂಬಿಟ್ಟಿದ್ದಳು. ಕಾರವಾರದ ಕೆಲಸದಿಂದ ರಜೆಗೆ ಬಂದಿದ್ದ ನಾನು, "ಆಯಿ, ಕುದಿಸಿಯಾದ್ರೂ ಕೊಡೇ" ಅಂದೆ.

"ಕುದಿಸಿದ ನೀರು ಕುಡಿಯೂಕೆ ಅವ್ಳೆಂತಾ ಜ್ವರ ಬಂದು ಬಿದ್ಕಂಡಿದಾಳಾ? ನಿನ್ನ ಶಾಣೆತನ ಕಾರವಾರದಲ್ಲೇ ಇಟ್ಕೊ."

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಅವನ ವಿಜ್ಞಾನ ಶಾಲೆಯ ಗೇಟು ದಾಟಿ ಮನೆಗೆ ಬಂದದ್ದೇ ಇಲ್ಲ.

ತಿಂಗಳೊಪ್ಪತ್ತಿನಲ್ಲಿ ಅತ್ತಿಗೆಯ ಕಣ್ಣು ಹಳದಿಯಾಯಿತು. ಸುದ್ದಿ ಕೇಳಿ ನಾನು ಮತ್ತೆ ಊರಿಗೆ ಬಂದೆ. ಆಸ್ಪತ್ರೆಯಲ್ಲಿ ಅವಳು ಉಳಿದಳು, ಮಗು ಉಳಿಯಲಿಲ್ಲ. ಹೊಲಸು ನೀರಿನಿಂದ ಬಂದ ಕಾಮಾಲೆ ಅಂತ ಡಾಕ್ಟರು ಹೇಳಿದರು. ಆಯಿ ಹೊಲಸನ್ನು ಬಿಟ್ಟು ನೀರನ್ನಷ್ಟೇ ಕೇಳಿಸಿಕೊಂಡಳು. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಡಾಕ್ಟ್ರೇ ಹೇಳಿದಾರೆ, ನೀರಿಂದ್ಲೇ ಆಗಿದ್ದು. ಹಾಳು ಮದ್ದಿನ ನೀರು!" ಬಂದವರು ಹೌದೌದು ಅಂದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ; ನಮ್ಮಲ್ಲಿ ಮಾಡಿದವರೊಬ್ಬರು, ಉಂಡವಳು ಇನ್ನೊಬ್ಬಳು. ಆ ಮನೆಯಲ್ಲಿ ಕೂತುಕೊಳ್ಳುವುದಕ್ಕೇ ನನಗೆ ಹೇಸಿಗೆಯಾಯಿತು.

ಎಲ್ಲರೂ ಹೋದ ಮೇಲೆ ಅತ್ತಿಗೆ ನನ್ನ ಕೈ ಹಿಡಿದುಕೊಂಡಳು.

"ಅತ್ತೆಗೆ ಹೇಳ್ಬೇಡ. ಮದ್ದು ಹಾಕಿದ ದಿನ ಬಾಯಾರಿಕೆ ತಡೀಲಾರ್ದೆ ಪಕ್ಕದ ಮನೇಲಿ ಒಂದು ಲೋಟ ಮದ್ದಿನ ನೀರು ಕುಡ್ದಿದ್ದೆ. ನಾನೇ ಕೊಂದ್ಬಿಟ್ಟೆ."