ಬರೆದದ್ದನ್ನು ಮಾಡಿಸುವ ಮೇಷ್ಟ್ರು

ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಸುಬ್ರಹ್ಮಣ್ಯರಿಗೆ ಮೈಯೆಲ್ಲ ಉರಿಯುತ್ತಿದ್ದದ್ದು ಒಂದೇ ವಿಷಯಕ್ಕೆ: ಹುಡುಗರು ಕಾಗದದ ಮೇಲೆ ಅಡ್ಡಬೀಳುವುದು. ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಆ ಕಾಲದಲ್ಲಿ ಅರ್ಧ ದಿನದ ರಜೆಗೂ "ತಮ್ಮ ದಾಸಾನುದಾಸ" ಎಂದು ಬರೆಯಬೇಕಿತ್ತು. ಇದನ್ನು ಕಲಿಸಿದ್ದು ಯಾರು? ಸ್ಕೂಲುಗಳೇ. ಬೆನ್ನು ಬಗ್ಗಿಸುವುದನ್ನು ಕಲಿಸಿ, ಬಗ್ಗಿದಷ್ಟಕ್ಕೂ ಮಾರ್ಕು ಬೇರೆ!

ಪ್ರತಿ ಶನಿವಾರ ಮೇಷ್ಟ್ರು ಸೈಕಲ್ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಯಾರು ಏನು ಬರೆದಿದ್ದರೂ ತರಬಹುದಿತ್ತು. ತಿದ್ದಿಕೊಡುವ ಮಾತು ಮಾತ್ರ ಇಲ್ಲ. ಗಟ್ಟಿಯಾಗಿ ಓದಿಸಿ, "ಬರೆದದ್ದನ್ನು ಮಾಡಿ ತೋರಿಸು" ಎನ್ನುತ್ತಿದ್ದರು. ಊಟಿಗೆ ಹೋದಾಗ ಮನಸ್ಸು ನವಿಲಿನಂತೆ ಕುಣಿಯಿತೆಂದು ಬರೆದಿದ್ದ ರಾಜಾಮಣಿ ಬೆಂಚಿನ ಮೇಲೆ ಕುಣಿಯಬೇಕಾಯಿತು. ಸ್ವಲ್ಪ ಕುಣಿದು ನಿಂತ.

"ನಿಜ ಹೇಳ್ಬೇಕಂದ್ರೆ ಅಲ್ಲಿ ರೊಂಬ ಚಳಿ ಸಾರ್. ಬರೀ ನಡುಗ್ತಿದ್ದೆ."

"ಮತ್ತೆ ಅದನ್ನ ಬರೆಯೋಕೆ ಏನು ರೋಗ?"

ಒಂದು ಶನಿವಾರ ತುಡಿಯಲೂರಿನ ನೇಕಾರರ ಹುಡುಗ ಕರುಪ್ಪುಸಾಮಿ ಬಂದ. ಹಾಜರಿ ಕಡಿಮೆಯಾಗಿ ಅವನನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು. ಪ್ರಿನ್ಸಿಪಾಲ್ ಸೋಮಸುಂದರಂ ಅವರಿಗೆ ಬರೆದ ಅರ್ಜಿ ಕೈಯಲ್ಲಿತ್ತು. "ತಮ್ಮ ಪಾದಕಮಲಗಳಿಗೆ ಸಾಷ್ಟಾಂಗ ಬಿದ್ದು, ಕಣ್ಣೀರಿನಿಂದ ತೊಳೆಯುತ್ತಾ..."

ಮೇಷ್ಟ್ರು ಚಪ್ಪಲಿ ಕಳಚಿ ಎರಡೂ ಕಾಲನ್ನು ಬೆಂಚಿನ ಮೇಲಿಟ್ಟರು. ಹಿಮ್ಮಡಿ ಒಡೆದಿತ್ತು. "ತೊಳಿಯಪ್ಪ."

"ಸಾರ್?"

"ಕಣ್ಣೀರು ಬರ್ಲಿಲ್ವಾ? ಕಾಯ್ತೀನಿ."

ಹುಡುಗ ಕಾಲನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಆ ಸಾಲು ಹೊಡೆದುಹಾಕಿದ. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಸೂರ್ಯನಾಗಿದ್ದರು. ಮೇಷ್ಟ್ರು ಕಣ್ಣಿಗೆ ಕೈ ಅಡ್ಡ ಹಿಡಿದರು. ಅದೂ ಹೋಯಿತು. ಕೊನೆಗೆ ಉಳಿದದ್ದು ಅವನ ಹೆಸರೊಂದೇ.

"ಈಗ ಹೇಳು. ಯಾಕೆ ಬರ್ಲಿಲ್ಲ?"

"ಪಾವು ಸಾರ್, ಮಗ್ಗದ ಹಾಸುನೂಲು. ಬೆಳಗಾಗ್ತಿದ್ದಂಗೆ ಬೀದಿಯುದ್ದಕ್ಕೂ ನೂಲು ಎಳೆದು ಗಂಜಿ ಹಚ್ಚೋದು. ಬಿಸಿಲು ಏರೋದ್ರೊಳಗೆ ಮುಗೀಬೇಕು. ಅದು ಮುಗಿಸಿ ಇಲ್ಲಿಗೆ ಬರೋದ್ರಲ್ಲಿ ಬೆಳಗಿನ ಕ್ಲಾಸು ಹೋಗಿರುತ್ತೆ. ಮನೆಯೋರೆಲ್ಲಾ ಹಿಡೀಬೇಕು, ಒಬ್ರಿಲ್ಲಾಂದ್ರೂ ಆಗಲ್ಲ. ಅದನ್ನೆಲ್ಲಾ ಬರೀತಾರಾ? ನಾಚ್ಕೆ ಸಾರ್."

"ಕಾಲು ತೊಳೀತೀನಿ ಅಂತ ಬರೆಯೋಕೆ ಇಲ್ದಿದ್ದ ನಾಚ್ಕೆ!"

ಹೇಳಿದ್ದನ್ನೇ ಬರೆಸಿದ ನಾಲ್ಕು ಸಾಲಿನ ಅರ್ಜಿ ಪ್ರಿನ್ಸಿಪಾಲರಿಗೆ ಹೋಯಿತು. ಮೇಷ್ಟ್ರಿಗೆ ಆ ಮೇಲೆ ನಿದ್ದೆ ಹತ್ತಲಿಲ್ಲ. ಪ್ರಿನ್ಸಿಪಾಲರು ಪಾದಕಮಲಕ್ಕಾದರೆ ಕರಗುತ್ತಿದ್ದರೋ ಏನೋ. ತನ್ನ ಹಟಕ್ಕೆ ಹುಡುಗನ ಒಂದು ವರ್ಷ ಹಾಳಾದರೆ?

ಸೋಮವಾರ ಅರ್ಜಿ ವಾಪಸು ಬಂತು. ಮೇಲೆ ಪ್ರಿನ್ಸಿಪಾಲರ ಅಕ್ಷರ: "ಇದನ್ನು ಅತ್ಯಂತ ಗಂಭೀರವಾಗಿ ಪರಿಶೀಲಿಸುತ್ತಿದ್ದೇನೆ." ಹೀಗೆ ಬರೆಸಿಕೊಂಡ ಯಾವ ಅರ್ಜಿಯೂ ಮತ್ತೆ ಬದುಕಿದ್ದಿಲ್ಲ. ಕರುಪ್ಪುಸಾಮಿ ಅದನ್ನು ಹಿಡಿದು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದ. ಸುಬ್ರಹ್ಮಣ್ಯರು ಹಿಂದೆಯೇ ಓಡಿದರು.

ಸೋಮಸುಂದರಂ ಬೋಂಡಾ ತಿನ್ನುತ್ತಿದ್ದರು. "ಏನಯ್ಯಾ?"

"ನೋಡೋಕೆ ಬಂದೆ ಸಾರ್."

"ಏನನ್ನ?"

"ಪರಿಶೀಲಿಸ್ತಾ ಇದೀನಿ ಅಂತ ಬರ್ದಿದೀರಲ್ಲ, ಅದನ್ನ."

ಪ್ರಿನ್ಸಿಪಾಲರು ಬಾಯಲ್ಲಿದ್ದದ್ದನ್ನು ನುಂಗಿದರು. ಹುಡುಗ ಕದಲಲಿಲ್ಲ. ಅವನ ಮುಖದಲ್ಲಿ ಕೊಬ್ಬು ಇರಲಿಲ್ಲ, ಕಾಯುವುದೊಂದೇ ಇತ್ತು. ಬೇರೆ ದಾರಿ ಕಾಣದೆ ಅವರು ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಮೊದಲ ಸಲ ಅರ್ಜಿ ಓದಿದರು.

"ನೂಲು ಕೈಬಿಟ್ರೆ ಏನಾಗುತ್ತೆ?"

"ಮಣ್ಣಿಗೆ ಬೀಳುತ್ತೆ. ಗಂಜಿ ಹತ್ತಿದ ನೂಲು ಸಾರ್, ಮಣ್ಣು ಬಿಡಲ್ಲ. ಆಮೇಲೆ ಮಗ್ಗಕ್ಕೂ ಕೆಲಸ ಇಲ್ಲ, ನಮಗೂ ಕೂಳಿಲ್ಲ."

ಪ್ರಿನ್ಸಿಪಾಲರು ಅರ್ಜಿಯನ್ನು ಮೇಜಿನ ಮೇಲೆ ಹರಡಿದರು. ಅವರು "ಪರೀಕ್ಷೆಗೆ ಕೂರಬಹುದು" ಎಂದು ಬರೆದು ಸಹಿ ಹಾಕಿದರು. ಹುಡುಗ ಹೊರಗೆ ಹೋದದ್ದೇ ಬಾಗಿಲಲ್ಲಿದ್ದ ಸುಬ್ರಹ್ಮಣ್ಯರ ಮೇಲೆ ಹರಿಹಾಯ್ದರು.

"ನಿಮ್ಮ ಆ ಕೋಣೆಗೆ ಬೀಗ ಹಾಕಿಸ್ತೀನಿ ಕಣ್ರೀ!"

"ಆಗ್ಲಿ ಸಾರ್. ಬರೆದು ಕೊಡಿ."

ಪ್ರಿನ್ಸಿಪಾಲರು ಪೆನ್ನು ಎತ್ತಿಕೊಂಡರು. ಹುಡುಗ ಹೋದ ಬಾಗಿಲ ಕಡೆ ಒಮ್ಮೆ ನೋಡಿ, ಮುಚ್ಚಳ ಹಾಕಿ ಕೆಳಗಿಟ್ಟು, ಬೋಂಡಾದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.